ಉಮೇದುವಾರನ ನುಡಿಯೂ ಒಡೆಯನ ನುಡಿಯೂ

ರೋಮಾಪುರಿಯ ಪ್ರಖ್ಯಾತ ವಾಗ್ಮಿಯಾದ ಮಾರ್ಕಸ್ ಸಿಸೆರೊ ಕ್ರಿ.ಪೂ. ೬೪ರಲ್ಲಿ ಕಾನ್ಸಲ್ ಪದವಿಗೆ ಉಮೇದುವಾರನಾಗಿ ನಿಂತನು. ಆ ರಾಜ್ಯದಲ್ಲಿ ವರ್ಷವರ್ಷವೂ ಚುನಾಯಿತವಾಗುತ್ತಿದ್ದ ಅಧಿಕಾರಗಳಲ್ಲಿ ಅದಕ್ಕಿಂತ ಹಿರಿದಾದುದಿರಲಿಲ್ಲ. ಅದು ದೊರೆಯುತ್ತಿದ್ದುದು ವರ್ಷಕ್ಕೆ ಇಬ್ಬರಿಗೆ ಮಾತ್ರ. ಆ ಸಂದರ್ಭದಲ್ಲಿ ಅವನ ತಮ್ಮನಾದ ಕ್ವಿಂಟಸನು ಅಣ್ಣನಿಗೆ ಬರೆದುದೆಂದು ಪ್ರಸಿದ್ಧವಾದ ಒಂದು ಪತ್ರವು ಲ್ಯಾಟಿನ್ ಭಾಷೆಯಲ್ಲಿ ಉಳಿದುಬಂದಿದೆ. ಅದರ ಹೆಸರನ್ನು ಕನ್ನಡಿಸುವುದಾದರೆ ‘ಉಮೇದುವಾರಿಕೆಯ ಕಿರುಹೊತ್ತಗೆ’ ಎನ್ನಬಹುದು. ೫೮ ಚಿಕ್ಕ ಖಂಡಗಳ ಈ ಬರಹವನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಮತದಾರರನ್ನು ಒಲಿಸಿಕೊಳ್ಳುವ ವಿದ್ಯೆಯನ್ನು ಇಷ್ಟು ಮುಚ್ಚುಮರೆಯಿಲ್ಲದೆ ಹೇಳುವ ಗ್ರಂಥವು ಪ್ರಾಚೀನ ಸಾಹಿತ್ಯದಲ್ಲಿ ಬಲು ಅಪರೂಪ.

ಇದು ಕ್ವಿಂಟಸನ ಬರಹವೇ ಅಲ್ಲ, ಮುಂದಿನ ಕಾಲದ ಯಾವನೋ ಅಲಂಕಾರಶಾಸ್ತ್ರದ ವಿದ್ಯಾರ್ಥಿಯು ಅಭ್ಯಾಸಕ್ಕೆಂದು ರಚಿಸಿದುದು ಎಂದು ಶಂಕಿಸುವ ಪಂಡಿತರೂ ಉಂಟು. ಕರ್ತೃವಿನ ವಿಚಾರವು ಹಾಗಿರಲಿ. ಬರೆದವನಾರೇ ಆಗಲಿ, ರೋಮಿನ ಚುನಾವಣೆಯನ್ನು ಹತ್ತಿರದಿಂದ ಬಲ್ಲವನು. ಮನುಷ್ಯಸ್ವಭಾವವನ್ನು ಅದಕ್ಕಿಂತಲೂ ಹತ್ತಿರದಿಂದ ಬಲ್ಲವನು. ಗ್ರಂಥವನ್ನು ಗ್ರಂಥವಾಗಿ ಓದಲು ಇಷ್ಟು ಸಾಕು.

ಸಿಸೆರೊವಿನ ಕಷ್ಟವು ಅವನ ಜನ್ಮದಲ್ಲಿತ್ತು. ಅವನ ವಂಶದಲ್ಲಿ ಹಿಂದೆ ಯಾರೂ ಕಾನ್ಸಲ್ ಆಗಿರಲಿಲ್ಲ. ಹಾಗೆ ಬಂದವನನ್ನು ಆ ಊರಿನವರು ‘ಹೊಸಬ’ ಎಂದು ಕರೆಯುತ್ತಿದ್ದರು. ಆ ಮಾತಿನಲ್ಲಿ ಸ್ವಲ್ಪ ತಾತ್ಸಾರವೂ ಇತ್ತು. ಆದುದರಿಂದ ಪತ್ರವು ಮೂರು ಸಂಗತಿಗಳ ನಿತ್ಯಸ್ಮರಣೆಯಿಂದ ಮೊದಲಾಗುತ್ತದೆ: ತಾನು ಹೊಸಬನೆಂಬುದು, ಬಯಸುವ ಪದವಿ ಯಾವುದೆಂಬುದು, ನಿಂತಿರುವ ನಗರ ಯಾವುದೆಂಬುದು. ಸಂಧ್ಯಾವಂದನೆಯಲ್ಲಿ ಸಂಕಲ್ಪವನ್ನು ಹೇಳುವಂತೆ ದಿನದಿನವೂ ಸಭಾಚತ್ವರಕ್ಕೆ ಇಳಿಯುವಾಗ ಉಮೇದುವಾರನು ಇದನ್ನು ನೆನೆಯಬೇಕಂತೆ. ಕುಲದ ಬಲವಿಲ್ಲದವನಿಗೆ ಇರುವ ಬಲವೆಂದರೆ ಮಾತಿನ ಬಲವೊಂದೇ ಎಂದು ತಮ್ಮನು ನೆನಪಿಸುತ್ತಾನೆ.

ಆಮೇಲೆ ಕೆಲಸವು ಎರಡು ಕವಲಾಗುತ್ತದೆ. ಸ್ನೇಹಿತರ ಉತ್ಸಾಹವನ್ನು ಗಳಿಸುವುದು ಒಂದು, ಜನಸಾಮಾನ್ಯರ ಒಲವನ್ನು ಗಳಿಸುವುದು ಇನ್ನೊಂದು. ‘ಸ್ನೇಹಿತ’ ಎಂಬ ಶಬ್ದಕ್ಕೆ ಚುನಾವಣೆಯ ಕಾಲದಲ್ಲಿ ಅರ್ಥವು ಹಿಗ್ಗುತ್ತದೆಯೆಂದು ಪತ್ರವೇ ಹೇಳುತ್ತದೆ. ಮನೆಗೆ ಬಂದು ಹೋದವನೂ ಸ್ನೇಹಿತ, ಬೀದಿಯಲ್ಲಿ ಮುಗುಳ್ನಕ್ಕವನೂ ಸ್ನೇಹಿತ. ಬೆಳಗ್ಗೆ ಮನೆಯ ಬಾಗಿಲಿಗೆ ಬಂದು ವಂದಿಸುವವರು, ಮನೆಯಿಂದ ಚತ್ವರದವರೆಗೆ ಕರೆದೊಯ್ಯುವವರು, ದಿನವಿಡೀ ಬೆನ್ನ ಹಿಂದೆ ಇರುವವರು ಎಂದು ಅನುಚರರಲ್ಲಿ ಮೂರು ಬಗೆ. ಬೆಳಗಿನ ವಂದನೆಯವರು ಎಲ್ಲ ಉಮೇದುವಾರರ ಬಾಗಿಲಿಗೂ ಹೋಗುವವರೇ. ಅದು ತಿಳಿದಿದ್ದರೂ ತಿಳಿಯದವನಂತಿರಬೇಕು. ಇಷ್ಟು ಸೂಕ್ಷ್ಮವನ್ನು ಬರೆದವನು ಪುಸ್ತಕದಿಂದ ಕಲಿತು ಬರೆದಿರಲಾರನು.

ಜನರ ಒಲವನ್ನು ಪಡೆಯುವುದಕ್ಕೆ ಮೊದಲನೆಯ ಸಾಧನವು ಹೆಸರು. ಎದುರಿಗೆ ಬಂದವನನ್ನು ಹೆಸರು ಹಿಡಿದು ಕರೆಯಬೇಕು. ಆ ಶಕ್ತಿಯು ದಿನೇದಿನೇ ಬೆಳೆಯುತ್ತಿರುವುದು ಕಾಣಬೇಕು. ರೋಮಿನಲ್ಲಿ ಯಜಮಾನನ ಕಿವಿಯಲ್ಲಿ ಎದುರಿನವನ ಹೆಸರನ್ನು ಉಸುರುವುದಕ್ಕಾಗಿಯೇ ಒಬ್ಬ ದಾಸನನ್ನು ಇಟ್ಟುಕೊಳ್ಳುವ ವಾಡಿಕೆಯಿತ್ತು. ಎರಡನೆಯದು ಮುಖಸ್ತುತಿ. ಉಳಿದ ಬಾಳಿನಲ್ಲಿ ಅದು ದೋಷ, ಉಮೇದುವಾರಿಕೆಯಲ್ಲಿ ಅದು ಅವಶ್ಯ. ಮುಖಭಾವವೂ ಮಾತೂ ಎದುರಿನವನಿಗೆ ತಕ್ಕಂತೆ ಬದಲಾಗಬೇಕು. ಊರು ಬಿಟ್ಟು ಹೋಗಕೂಡದು. ಮನೆಯ ಬಾಗಿಲು ಹಗಲಿರುಳು ತೆರೆದಿರಬೇಕು. ಮನೆಯ ಬಾಗಿಲು ತೆರೆದು ಮುಖದ ಬಾಗಿಲನ್ನು ಮುಚ್ಚಿದರೆ ಬಂದ ಫಲವಿಲ್ಲ. ಪ್ರತಿಸ್ಪರ್ಧಿಗಳ ಮೇಲೆ ಅಪವಾದವನ್ನು ಹಬ್ಬಿಸುವ ಸಲಹೆಯೂ ಉಂಟು. ಅದು ಎಲ್ಲ ದೇಶಗಳಿಗೂ ಸಾಮಾನ್ಯವಾದ ವಿದ್ಯೆಯಾದುದರಿಂದ ವಿಸ್ತರಿಸಬೇಕಾಗಿಲ್ಲ.

ಸಂಸ್ಕೃತ ಬಲ್ಲ ವಾಚಕರಿಗೆ ಇಲ್ಲಿ ಒಂದು ಪರಿಚಿತವಾದ ಸ್ವರವು ಕೇಳಿಸದೆ ಇರದು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ತೋರಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜಶಾಸನಗಳನ್ನು ಬರೆಯುವ ಕ್ರಮವನ್ನು ಹೇಳುವ ಅಧ್ಯಾಯದಲ್ಲಿ, ಸಾಮವೆಂಬ ಉಪಾಯವು ಐದು ವಿಧವೆಂದು ಎಣಿಸಿದೆ: ಗುಣಸಂಕೀರ್ತನ, ಸಂಬಂಧೋಪಾಖ್ಯಾನ, ಪರಸ್ಪರೋಪಕಾರಸಂದರ್ಶನ, ಆಯತಿಪ್ರದರ್ಶನ, ಆತ್ಮೋಪನಿಧಾನ. ಎದುರಿನವನ ಗುಣವನ್ನು ಹೊಗಳುವುದು, ನಂಟನ್ನು ಎತ್ತಿ ಹೇಳುವುದು, ಒಬ್ಬರಿಂದ ಒಬ್ಬರಿಗಾಗುವ ಉಪಕಾರವನ್ನು ತೋರಿಸುವುದು, ಮುಂದಿನ ಲಾಭದ ಆಸೆಯನ್ನು ಹುಟ್ಟಿಸುವುದು, ತನ್ನದೆಲ್ಲವೂ ನಿನ್ನದೇ ಎಂದು ತನ್ನನ್ನು ಒಪ್ಪಿಸಿಕೊಳ್ಳುವುದು. ರೋಮಿನ ತಮ್ಮನು ಅಣ್ಣನಿಗೆ ಉಪದೇಶಿಸಿದುದು ಈ ಐದಲ್ಲದೆ ಆರನೆಯದಿಲ್ಲ. ಮುಖದ ಬಾಗಿಲನ್ನು ತೆರೆದಿಡೆಂಬುದು ಆತ್ಮೋಪನಿಧಾನದ ಅಗ್ಗದ ಆವೃತ್ತಿ. ಏನನ್ನೂ ಕೊಡದೆ ಎಲ್ಲವನ್ನೂ ಕೊಟ್ಟಂತೆ ಕಾಣಿಸುವುದು.

ಹೋಲಿಕೆಗಿಂತಲೂ ಭೇದವು ಹೆಚ್ಚಿನ ವಿಚಾರಕ್ಕೆ ಎಡೆಗೊಡುತ್ತದೆ. ಕೌಟಿಲ್ಯನು ಸಾಮವನ್ನು ಆ ಅಧ್ಯಾಯದಲ್ಲಿ ಹೇಳಿದುದು ಅರಸನು ಕಳುಹಿಸುವ ಲೇಖಗಳ ಪ್ರಸಂಗದಲ್ಲಿ. ಸಂಧಿವಿಗ್ರಹಗಳಿಗೆ ಲೇಖವೇ ಮೂಲವೆಂದು ಅವನ ಮತ. ಎಂದರೆ ತನ್ನ ಆಜ್ಞೆಗೆ ಒಳಪಡದ ಪರರಾಜನಿಗೆ ಸಲ್ಲುವ ನುಡಿ ಅದು. ರೋಮಿನಲ್ಲಿ ಅದೇ ನುಡಿಯು ಬೀದಿಯ ಅಂಗಡಿಕಾರನಿಗೆ ಸಲ್ಲುತ್ತದೆ. ಮತ ಹಾಕುವ ದಿನದವರೆಗೆ ಅವನೂ ಒಬ್ಬ ಪರರಾಜನೇ. ಅವನ ಮೇಲೆ ಉಮೇದುವಾರನ ಆಜ್ಞೆ ನಡೆಯದು. ರೋಮನರು ಚುನಾವಣೆಗಳಲ್ಲಿ ಗುಟ್ಟಾಗಿ ಮತ ಕೊಡುವ ಪದ್ಧತಿಯನ್ನು ಕ್ರಿ.ಪೂ. ೧೩೯ರಷ್ಟು ಹಿಂದೆಯೇ ತಂದಿದ್ದರು. ಅಂದಮೇಲೆ ಬೆದರಿಕೆಗಿಂತ ಸವಿಮಾತಿಗೆ ಬೆಲೆ ಹೆಚ್ಚಿತೆಂಬುದು ಸಹಜ. ಮತವು ಪೆಟ್ಟಿಗೆಗೆ ಬಿದ್ದ ಮರುದಿನ ಆ ಅಂಗಡಿಕಾರನು ಪುನಃ ಪ್ರಜೆ. ಒಂದೇ ಮನುಷ್ಯನು ಇಂದು ರಾಜನಾಗಿಯೂ ನಾಳೆ ಪ್ರಜೆಯಾಗಿಯೂ ಇರುವ ಈ ವಿಚಿತ್ರಸ್ಥಿತಿಯನ್ನು ಪತ್ರವು ಬಲ್ಲದು. ಆದರೆ ಇಂದಿನವನಿಗೆ ಆಡಬೇಕಾದ ಮಾತನ್ನು ಮಾತ್ರ ಕಲಿಸುತ್ತದೆ.

ಈ ಗ್ರಂಥದ ಕುಖ್ಯಾತಿಗೆ ಕಾರಣವಾದುದು ವಾಗ್ದಾನದ ಪ್ರಕರಣ. ನಡೆಸಲಾಗದ ಕೆಲಸವನ್ನು ಯಾರಾದರೂ ಕೇಳಿದರೆ ನಯವಾಗಿ ಇಲ್ಲವೆನ್ನಬಹುದು, ಅಥವಾ ಇಲ್ಲವೆನ್ನದೆಯೇ ಇರಬಹುದು. ಮೊದಲನೆಯದು ಒಳ್ಳೆಯ ಮನುಷ್ಯನ ಲಕ್ಷಣ, ಎರಡನೆಯದು ಒಳ್ಳೆಯ ಉಮೇದುವಾರನ ಲಕ್ಷಣ. ಕೋಟ ಎಂಬ ಹಳೆಯ ಮುಂದಾಳು ಎಲ್ಲರಿಗೂ ಮಾತು ಕೊಡುತ್ತಿದ್ದನಂತೆ. ಅವನ ಲೆಕ್ಕವಿದು: ಇಲ್ಲವೆಂದರೆ ಸಿಟ್ಟು ಈಗಲೇ ಬರುವುದು, ಹಲವರಿಗೆ ಬರುವುದು, ಖಂಡಿತವಾಗಿ ಬರುವುದು, ಮಾತು ಕೊಟ್ಟು ತಪ್ಪಿದರೆ ಬರುವ ಸಿಟ್ಟು ಮುಂದಿನದು, ಕೆಲವರದು, ಅನಿಶ್ಚಿತವಾದುದು. ಅಣ್ಣನು ಪ್ಲೇಟೋವಿನ ತತ್ತ್ವವನ್ನು ಓದಿದವನಾದುದರಿಂದ ಈ ಮಾತು ಅವನಿಗೆ ಒಗ್ಗಲಾರದೆಂದು ತಮ್ಮನೇ ಒಂದು ಚಟಾಕಿಯನ್ನೂ ಹಾರಿಸಿದ್ದಾನೆ.

ಇದನ್ನು ಓದಿದವರಲ್ಲಿ ಬಹುಮಂದಿ ಗ್ರಂಥವನ್ನು ಅನೀತಿಯ ಕೈಪಿಡಿಯೆಂದು ಮುಚ್ಚಿಡುತ್ತಾರೆ. ಆ ತೀರ್ಪು ಅವಸರದ್ದು. ಸುಳ್ಳನ್ನು ಸುಳ್ಳೆಂದು ಕರೆದು, ಅದರ ಲಾಭನಷ್ಟವನ್ನು ತೂಗಿ ಹೇಳುವವನಿಂದ ವಾಚಕನಿಗೆ ಮೋಸವಿಲ್ಲ. ಮತದಾರನ ಕೈಗೆ ಈ ಹೊತ್ತಗೆಯು ಸಿಕ್ಕಿದರೆ ಉಮೇದುವಾರನಿಗಿಂತ ಅವನಿಗೇ ಹೆಚ್ಚು ಉಪಯೋಗ. ಕಳ್ಳತನದ ವಿದ್ಯೆಯನ್ನು ಬಲ್ಲ ಮನೆಯಾತನೇ ಬೀಗವನ್ನು ಸರಿಯಾಗಿ ಹಾಕುವನಲ್ಲವೆ? ಗ್ರಂಥದ ನಿಜವಾದ ಕೊರತೆಯು ಬೇರೆಡೆಯಲ್ಲಿದೆ.

ಅದನ್ನು ಕಾಣಬೇಕಾದರೆ ಪತ್ರದಲ್ಲಿ ಇಲ್ಲದುದನ್ನು ಹುಡುಕಬೇಕು. ಉಮೇದುವಾರಿಕೆ ಮುಗಿಯುವವರೆಗೆ ರಾಜ್ಯದ ವಿಷಯಗಳನ್ನು ಹಿರಿಯರ ಸಭೆಯಲ್ಲಿಯಾಗಲಿ ಜನರ ಕೂಟದಲ್ಲಿಯಾಗಲಿ ಎತ್ತಬೇಡವೆಂದು ತಮ್ಮನ ಕಟ್ಟಪ್ಪಣೆ. ಇವನು ತಮ್ಮ ಅಧಿಕಾರವನ್ನು ಕಾಯುವನೆಂದು ಸಭೆಯ ಹಿರಿಯರು ನಂಬಬೇಕು. ಶಾಂತಿಯನ್ನು ಕೆಡಿಸುವವನಲ್ಲವೆಂದು ಧನಿಕರು ನಂಬಬೇಕು. ತಮ್ಮ ಹಿತಕ್ಕೆ ವಿರೋಧಿಯಲ್ಲವೆಂದು ಬಡವರು ನಂಬಬೇಕು. ಮೂವರೂ ನಂಬಬೇಕಾದರೆ ಮೌನವೊಂದೇ ದಾರಿ. ಹೀಗೆ ಪತ್ರದ ಮತದಾರನಿಗೆ ಹೆಸರಿದೆ, ಊರಿದೆ, ಕೇಳಿಕೆಯಿದೆ; ಅಭಿಪ್ರಾಯವಿಲ್ಲ. ತನ್ನ ಮಗನಿಗೆ ಒಂದು ಅನುಕೂಲವನ್ನು ಬೇಡುವವನಾಗಿ ಅವನು ಬರುತ್ತಾನೆಯೇ ಹೊರತು ರಾಜ್ಯವು ಹೇಗೆ ನಡೆಯಬೇಕೆಂದು ಹೇಳುವವನಾಗಿ ಒಮ್ಮೆಯೂ ಬರುವುದಿಲ್ಲ.

ಇದರಲ್ಲಿ ತಪ್ಪು ಕ್ವಿಂಟಸನೊಬ್ಬನದೇ ಅಲ್ಲ. ಕಾನ್ಸಲರನ್ನು ಆರಿಸುವ ಸಭೆಯಲ್ಲಿ ಪೌರರು ಆಸ್ತಿಯ ಮೇರೆಗೆ ೧೯೩ ವೃಂದಗಳಾಗಿ ಹಂಚಿಹೋಗಿದ್ದರು, ವೃಂದಕ್ಕೊಂದು ಮತ. ಅದರಲ್ಲಿ ರಾವುತರ ೧೮ ವೃಂದಗಳೂ ಧನಿಕರ ೭೦ ವೃಂದಗಳೂ ಮುಂದಾಗಿ ಮತ ಕೊಡುತ್ತಿದ್ದವು. ಆಸ್ತಿಯಿಲ್ಲದ ಅಷ್ಟು ಮಂದಿಗೂ ಸೇರಿ ಕಡೆಯಲ್ಲಿ ಇದ್ದುದು ಒಂದೇ ವೃಂದ. ೯೭ಕ್ಕೆ ಬಹುಮತವಾದೊಡನೆ ಕೆಲಸ ಮುಗಿಯಿತು. ಬಡವನ ಸರದಿಯು ಬರುವುದಕ್ಕೆ ಮೊದಲೇ ಚುನಾವಣೆಯು ಮುಗಿಯುವುದು ಸಾಮಾನ್ಯವಾಗಿದ್ದ ಕಡೆ, ಬಡವರ ಗುಂಪು ಬೇಕಾಗಿದ್ದುದು ಮೆರವಣಿಗೆಯ ಶೋಭೆಗೆ, ಊರಮಾತಿನ ಹಬ್ಬುವಿಕೆಗೆ. ಅವರೊಡನೆ ನಗುಮುಖವು ಸಾಕಾಗಿತ್ತು.

ಪತ್ರವು ಚುನಾವಣೆಯ ದಿನಕ್ಕೆ ಮುಗಿಯುತ್ತದೆ. ಗೆದ್ದ ಮೇಲೆ ಆಡಬೇಕಾದ ನುಡಿ ಯಾವುದು? ಸವಿಮಾತಿನಿಂದ ಬಂದ ಅಧಿಕಾರವು ಸವಿಮಾತಿನಿಂದಲೇ ಉಳಿಯುವುದೆ? ಈ ಪ್ರಶ್ನೆಗೆ ಉತ್ತರವು ರೋಮಿನ ಕೈಪಿಡಿಯಲ್ಲಿಲ್ಲ. ಅದನ್ನು ಅತ್ಯಂತ ತೀಕ್ಷ್ಣವಾಗಿ ಎತ್ತಿಕೊಂಡ ಕವಿಯೆಂದರೆ ಭಾರವಿ. ಅವನ ಕಾವ್ಯದಲ್ಲಿ ಮತದಾನವಿಲ್ಲ, ನಿಜ. ಆದರೆ ನ್ಯಾಯವಾಗಿ ತನ್ನದಲ್ಲದ ಅಧಿಕಾರವನ್ನು ಪ್ರಜೆಗಳ ಒಲವಿನಿಂದ ತನ್ನದಾಗಿಸಿಕೊಳ್ಳಬೇಕಾದ ಒಡೆಯನೊಬ್ಬನಿದ್ದಾನೆ; ಮತದ ಪೆಟ್ಟಿಗೆ ಇಲ್ಲದಿದ್ದರೂ ಅವನ ಅಂಜಿಕೆ ಉಮೇದುವಾರನದೇ.

ಕನ್ನಡನಾಡಿಗೆ ಭಾರವಿಯು ಹೊಸಬನಲ್ಲ. ಕ್ರಿ.ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಅವನನ್ನು ಕಾಳಿದಾಸನ ಜೊತೆಯಲ್ಲಿ ನೆನೆದಿದ್ದಾನೆ. ಗಂಗರ ದುರ್ವಿನೀತನು ಕಿರಾತಾರ್ಜುನೀಯದ ೧೫ನೆಯ ಸರ್ಗಕ್ಕೆ ಟೀಕೆಯನ್ನು ಬರೆದನೆಂದು ಆ ವಂಶದ ಶಾಸನಗಳು ಹೇಳುತ್ತವೆ. ಅದು ಚಿತ್ರಬಂಧಗಳ ಸರ್ಗ, ಪಂಡಿತರಿಗೂ ತಲೆನೋವು ತರುವಂಥದು. ಅರಸನಾದವನು ಅರಸರಿಗೆಂದೇ ಬರೆದಂತಿರುವ ಮೊದಲನೆಯ ಸರ್ಗವನ್ನು ಬಿಟ್ಟು ಅದನ್ನೇಕೆ ಆರಿಸಿಕೊಂಡನೋ! ಮೊದಲನೆಯದಕ್ಕೆ ಟೀಕೆ ಬೇಕಾಗಿಲ್ಲವೆಂದು ತಿಳಿದನೇನೋ.

ಆ ಸರ್ಗದ ಕಥೆಯು ಚಿಕ್ಕದು. ಜೂಜಿನಲ್ಲಿ ಸೋತು ದ್ವೈತವನದಲ್ಲಿರುವ ಯುಧಿಷ್ಠಿರನು, ದುರ್ಯೋಧನನು ಪ್ರಜೆಗಳಲ್ಲಿ ಹೇಗೆ ನಡೆದುಕೊಳ್ಳುತ್ತಿದ್ದಾನೆಂದು ತಿಳಿದುಬರಲು ಒಬ್ಬ ವನೇಚರನನ್ನು ಬ್ರಹ್ಮಚಾರಿಯ ವೇಷದಲ್ಲಿ ಕಳುಹಿಸಿದ್ದಾನೆ. ಅವನು ಮರಳಿ ಬಂದು ವರದಿಯನ್ನು ಒಪ್ಪಿಸುತ್ತಾನೆ. ವರದಿಯ ತಿರುಳಿಷ್ಟು: ಕಪಟದ್ಯೂತದಿಂದ ಗೆದ್ದ ಭೂಮಿಯನ್ನು ಈಗ ದುರ್ಯೋಧನನು ನೀತಿಯಿಂದ ಗೆಲ್ಲಹೊರಟಿದ್ದಾನೆ. ಸಿಂಹಾಸನದ ಮೇಲಿದ್ದರೂ ಕಾಡಿನಲ್ಲಿರುವವರಿಂದ ಅವನಿಗೆ ಭಯ. ಆದುದರಿಂದ ಸೇವಕರನ್ನು ಗೆಳೆಯರಂತೆ ಕಾಣುತ್ತಾನೆ, ಗೆಳೆಯರನ್ನು ಬಂಧುಗಳಂತೆ, ಬಂಧುಗಳನ್ನು ರಾಜ್ಯದ ಒಡೆಯರೇ ಎಂಬಂತೆ. ಎಲ್ಲರನ್ನೂ ಇರುವ ಸ್ಥಾನಕ್ಕಿಂತ ಒಂದು ಮೆಟ್ಟಿಲು ಮೇಲಕ್ಕೇರಿಸಿ ಮಾತನಾಡಿಸುವ ಈ ರೀತಿಯು ಸಿಸೆರೊವಿನ ತಮ್ಮನಿಗೆ ತಿಳಿದಿದ್ದರೆ ತನ್ನ ಹೊತ್ತಗೆಯಲ್ಲಿ ತಪ್ಪದೆ ಸೇರಿಸುತ್ತಿದ್ದನು.

ಇಲ್ಲಿಯವರೆಗೆ ಎರಡೂ ಒಂದೇ ದಾರಿ. ಆದರೆ ಭಾರವಿಯು ಕೂಡಲೇ ಒಂದು ಸರಪಳಿಯನ್ನು ಕಟ್ಟುತ್ತಾನೆ. ದುರ್ಯೋಧನನ ಸಾಮವು ದಾನವನ್ನು ಬಿಟ್ಟು ಬರುವುದಿಲ್ಲ. ಅವನ ದಾನವು ಗೌರವವನ್ನು ಬಿಟ್ಟು ಬರುವುದಿಲ್ಲ. ಆ ಗೌರವವು ಗುಣವನ್ನು ನೋಡದೆ ಸಲ್ಲುವುದಿಲ್ಲ. ಒಂದೊಂದು ಕೊಂಡಿಯೂ ಹಿಂದಿನ ಕೊಂಡಿಯನ್ನು ಪರೀಕ್ಷಿಸುತ್ತದೆ. ಬರಿಯ ಮಾತು ಸಾಕಾಗದು, ಕೊಡಬೇಕು. ಬರಿದೆ ಎಸೆದು ಕೊಟ್ಟರೆ ಸಾಕಾಗದು, ಆದರದಿಂದ ಕೊಡಬೇಕು. ಕಂಡವರನ್ನೆಲ್ಲ ಆದರಿಸಿದರೆ ಆದರಕ್ಕೆ ಬೆಲೆಯಿಲ್ಲ, ಯೋಗ್ಯತೆಯನ್ನು ನೋಡಬೇಕು. ದಂಡವೂ ಹಾಗೆಯೇ. ಹಣದಾಸೆಯಿಂದಲ್ಲ, ಸಿಟ್ಟಿನಿಂದಲ್ಲ, ಶತ್ರುವಿಗೊಂದು ಮಗನಿಗೊಂದು ಎಂಬ ಭೇದವಿಲ್ಲ. ಸಾಮದ ಐದು ಬಗೆಗಳನ್ನು ಬಲ್ಲವರು ಹಲವರು. ಸಾಮವನ್ನು ಹೀಗೆ ಕ್ರಿಯೆಗೆ ಬಿಗಿದು ತೋರಿಸಿದ ಕವಿ ಮತ್ತೊಬ್ಬನಿಲ್ಲ. ಅರ್ಥಗೌರವವೆಂದು ಹಳಬರು ಭಾರವಿಗೆ ಕೊಟ್ಟ ಬಿರುದಿಗೆ ಇದೇ ಉದಾಹರಣೆಯಾಗಬಹುದು.

ಇದಾದ ಮೇಲೆ ಬರುವುದು ನೀರಿನ ಮಾತು. ಕುರುದೇಶದ ನೆಲವು ಮಳೆಯನ್ನೇ ನೆಚ್ಚಿಕೊಂಡಿಲ್ಲವೆಂದು ವನೇಚರನು ಹೇಳುತ್ತಾನೆ. ದುರ್ಯೋಧನನು ಬಹುಕಾಲದಿಂದ ಕ್ಷೇಮವನ್ನು ಹರಡುತ್ತಿರುವುದರಿಂದ ಬೆಳೆಯು ರೈತನ ಕೈಗೆ ಉಳದೆಯೇ ಬಂದಂತೆ ಸುಲಭವಾಗಿ ಬರುತ್ತಿದೆಯಂತೆ. ಮಳೆಯನ್ನು ನೆಚ್ಚಿದ ನೆಲವನ್ನು ದೇವಮಾತೃಕವೆನ್ನುವರು, ಕಾಲುವೆ ಕೆರೆಗಳ ನೀರಿನಿಂದ ಬೆಳೆಯುವುದನ್ನು ನದೀಮಾತೃಕವೆನ್ನುವರು. ಕವಿಯು ಬಳಸಿದುದು ದೇವಮಾತೃಕವಲ್ಲದ್ದು ಎಂಬರ್ಥದ ಪದ. ಆ ಒಂದು ವಿಶೇಷಣದ ಹಿಂದೆ ಅಗೆದ ಕಾಲುವೆಗಳೆಷ್ಟು, ಕಟ್ಟಿದ ಒಡ್ಡುಗಳೆಷ್ಟು ಎಂಬುದನ್ನು ಬೇಸಾಯ ಬಲ್ಲ ವಾಚಕರು ಊಹಿಸಿಕೊಳ್ಳಬಹುದು. ರೋಮಿನ ಪತ್ರದ ೫೮ ಖಂಡಗಳಲ್ಲಿ ಇಂಥ ಒಂದು ಕಾಲುವೆಯೂ ಇಲ್ಲ.

ಇದೆಲ್ಲವೂ ಯುಧಿಷ್ಠಿರನನ್ನು ಕೆರಳಿಸುವುದಕ್ಕೆ ವನೇಚರನು ಹಿಗ್ಗಿಸಿ ಹೇಳಿದ ಮಾತೆಂದು ಯಾರಾದರೂ ವಾದಿಸಬಹುದು. ಪದ್ಯಗಳು ಅದಕ್ಕೆ ಅವಕಾಶ ಕೊಡುವುದಿಲ್ಲ. ಸೇವಕನು ಒಡೆಯನನ್ನು ವಂಚಿಸಬಾರದು, ಹಿತವಾದುದು ಕಿವಿಗೆ ಕಹಿಯಾದರೂ ಸಹಿಸಿಕೊಳ್ಳಬೇಕು ಎಂಬ ಪೀಠಿಕೆಯೊಡನೆಯೇ ಅವನು ಬಾಯಿ ತೆರೆದಿದ್ದಾನೆ. ಭಾರವಿಯ ಧೈರ್ಯವಿರುವುದು ಇಲ್ಲಿಯೇ. ಖಳನಾಯಕನು ಕೆಟ್ಟದಾಗಿ ಆಳುತ್ತಿದ್ದಾನೆಂದು ಬರೆಯುವುದು ಸುಲಭ. ಯಾವ ಹರಿಕಥೆಯಲ್ಲಿಯೂ ಅದನ್ನು ಕೇಳಬಹುದು. ಅನ್ಯಾಯವಾಗಿ ಪಡೆದವನೇ ಒಳ್ಳೆಯದಾಗಿ ಆಳುತ್ತಿದ್ದಾನೆ, ಪ್ರಜೆಗಳು ಸುಖವಾಗಿದ್ದಾರೆ, ಆದುದರಿಂದಲೇ ಅಪಾಯವು ಹೆಚ್ಚು ಎಂಬುದನ್ನು ಧರ್ಮರಾಜನ ಕಿವಿಯಲ್ಲಿ ಹೇಳಿಸುವುದು ಸುಲಭವಲ್ಲ. ದುರ್ಯೋಧನನ ಸವಿನುಡಿಯು ಕಪಟವೆ, ಅಲ್ಲವೆ? ಕಾಲುವೆಯಲ್ಲಿ ನೀರು ಹರಿಯುತ್ತಿರುವಾಗ ರೈತನಿಗೆ ಈ ಪ್ರಶ್ನೆಯಿಂದ ಏನಾಗಬೇಕು? ಕವಿಯು ಈ ಇಕ್ಕಟ್ಟನ್ನು ಬಿಡಿಸದೆ ಹಾಗೆಯೇ ಬಿಟ್ಟಿದ್ದಾನೆ.

ಇನ್ನು ಸಿಸೆರೊವಿನ ಕಥೆ. ಅವನು ಗೆದ್ದನು; ಆಂಟೋನಿಯಸನು ಜೊತೆಗಾರನಾದನು, ಕ್ಯಾಟಿಲೈನನು ಸೋತನು. ಕ್ರಿ.ಪೂ. ೬೩ರ ಜನವರಿಯಲ್ಲಿ ಅಧಿಕಾರಕ್ಕೆ ಬಂದೊಡನೆಯೇ ಪರೀಕ್ಷೆಯು ಎದುರಾಯಿತು. ರುಲ್ಲಸನೆಂಬ ಜನಪ್ರತಿನಿಧಿಯು ಬಡ ಪೌರರಿಗೆ ಭೂಮಿಯನ್ನು ಹಂಚುವ ಮಸೂದೆಯನ್ನು ತಂದಿದ್ದನು. ಸಿಸೆರೊ ಜನರ ಮುಂದೆ ನಿಂತು ತಾನು ಜನರ ಕಾನ್ಸಲೆಂದು ಸಾರಿದನು. ಹಿಂದೆ ಭೂಮಿ ಹಂಚಲು ಹೋಗಿ ಪ್ರಾಣ ಕಳೆದುಕೊಂಡ ಗ್ರಾಕಸ್ ಸೋದರರನ್ನು ಹೊಗಳಿದನು. ಆಮೇಲೆ ಅದೇ ಉಸಿರಿನಲ್ಲಿ ಮಸೂದೆಯನ್ನು ಕೊಚ್ಚಿಹಾಕಿದನು. ನಗರದ ಉತ್ಸವಗಳನ್ನೂ ಆಟಗಳನ್ನೂ ಬಿಟ್ಟು ಬರಡು ಜೌಗು ನೆಲಗಳಿಗೆ ಹೋಗಬೇಕೆ ಎಂಬ ಧಾಟಿಯ ಮಾತೂ ಅದರಲ್ಲಿತ್ತು. ಮಸೂದೆಯು ಮುಂದುವರಿಯಲಿಲ್ಲ. ವಾಗ್ಮಿತೆಯ ದೃಷ್ಟಿಯಿಂದ ಆ ಭಾಷಣವು ಅದ್ಭುತವೇ. ಭೂಮಿಯನ್ನು ಬಯಸಿ ಬಂದವರನ್ನು ಭೂಮಿಯೇ ಬೇಡವೆನ್ನುವಂತೆ ಮಾಡಿ ಕಳುಹಿಸುವುದು ಸಾಮಾನ್ಯವಾದ ವಿದ್ಯೆಯಲ್ಲ. ಮಸೂದೆಯಲ್ಲಿ ನಿಜವಾದ ದೋಷಗಳೂ ಇದ್ದಿರಬಹುದು. ಆದರೆ ಮನೆಗೆ ಹಿಂದಿರುಗಿದ ಬಡವನ ಕೈಯಲ್ಲಿ ಮಾತಿನ ಹೊರತು ಏನೂ ಇರಲಿಲ್ಲ.

ಐದು ವರ್ಷ ಕಳೆಯಿತು. ಕ್ರಿ.ಪೂ. ೫೮ರಲ್ಲಿ ಕ್ಲೋಡಿಯಸನು ನಗರದ ಜನರಿಗೆ ಧಾನ್ಯವನ್ನು ಬೆಲೆಯಿಲ್ಲದೆ ಹಂಚುವ ಕಾನೂನನ್ನು ತಂದನು. ವಿಚಾರಣೆಯಿಲ್ಲದೆ ಪೌರರನ್ನು ಕೊಲ್ಲಿಸಿದವನಿಗೆ ಬಹಿಷ್ಕಾರವೆಂಬ ಇನ್ನೊಂದು ಕಾನೂನನ್ನೂ ತಂದನು. ಕ್ಯಾಟಿಲೈನನ ಒಳಸಂಚಿನವರನ್ನು ಕೊಲ್ಲಿಸಿದ್ದ ಸಿಸೆರೊವಿಗೇ ಅದರ ಗುರಿ. ಸಿಸೆರೊ ಊರು ಬಿಟ್ಟನು. ಅವನ ಮನೆಯನ್ನು ಕೆಡವಿದರು. ಕ್ಲೋಡಿಯಸನು ಸತ್ಪುರುಷನೆಂದು ಯಾರೂ ಹೇಳಲಾರರು. ಆದರೂ ಸಾಮವೊಂದನ್ನೇ ಬಲ್ಲವನ ಎದುರಿಗೆ ದಾನವನ್ನೂ ಬಲ್ಲವನು ಬಂದಾಗ ನಗರದ ಬೀದಿಯು ಯಾರ ಕಡೆ ನಿಂತಿತೆಂಬುದು ಸ್ಪಷ್ಟ.

ನ್ಯಾಯವಾಗಿ ಹೇಳಬೇಕಾದರೆ ತಮ್ಮನ ಸಲಹೆಗಳೆಲ್ಲವೂ ವ್ಯರ್ಥವಾಗಲಿಲ್ಲ. ಇಟಲಿಯ ಯಾವ ಊರನ್ನೂ ಮರೆಯಬೇಡ, ದೇಶವನ್ನೆಲ್ಲ ಮನಸ್ಸಿನಲ್ಲಿ ಬರೆದಿಟ್ಟುಕೊ ಎಂದು ಪತ್ರದಲ್ಲಿ ಒಂದು ಕಡೆ ಹೇಳಿತ್ತು. ಮರುವರ್ಷ, ಕ್ರಿ.ಪೂ. ೫೭ರಲ್ಲಿ, ಸಿಸೆರೊವನ್ನು ಹಿಂದಕ್ಕೆ ಕರೆಯುವ ನಿರ್ಣಯಕ್ಕೆ ಮತ ಕೊಡಲು ಆ ಊರುಗಳವರೇ ರೋಮಿಗೆ ಬಂದರು. ಹೆಸರು ಹಿಡಿದು ಕರೆದುದು ಅಷ್ಟರಮಟ್ಟಿಗೆ ಫಲಿಸಿತು. ಬಂದವರು ಬಹುಮಟ್ಟಿಗೆ ಆಸ್ತಿವಂತರೆಂಬುದನ್ನೂ ಮರೆಯಬಾರದು. ರುಲ್ಲಸನ ಮಸೂದೆಯು ಬಿದ್ದುದರಿಂದ ಅವರು ಕಳೆದುಕೊಂಡುದು ಏನೂ ಇರಲಿಲ್ಲ. ಕ್ರಿ.ಪೂ. ೪೩ರಲ್ಲಿ ಅಣ್ಣತಮ್ಮಂದಿರಿಬ್ಬರೂ ಶತ್ರುಗಳ ಕೊಲೆಪಟ್ಟಿಗೆ ಸೇರಿ ಪ್ರಾಣ ನೀಗಿದರು. ಸಿಸೆರೊವಿನ ತಲೆಯನ್ನೂ ಕೈಯನ್ನೂ, ಅವನು ನಿಂತು ಜನರೊಡನೆ ಮಾತನಾಡುತ್ತಿದ್ದ ಜಗಲಿಯ ಮೇಲೆಯೇ ಪ್ರದರ್ಶನಕ್ಕಿಟ್ಟರು.

ಎರಡು ಗ್ರಂಥಗಳನ್ನು ಒಟ್ಟಿಗಿಟ್ಟು ನೋಡುವಾಗ ಮನಸ್ಸು ಕಡೆಗೆ ನಿಲ್ಲುವುದು ದುರ್ಯೋಧನನ ಮೇಲೂ ಅಲ್ಲ, ಸಿಸೆರೊವಿನ ಮೇಲೂ ಅಲ್ಲ, ಆ ವನೇಚರನ ಮೇಲೆ. ಪತ್ರದಲ್ಲಿ ಮಾತು ಯಾವಾಗಲೂ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ: ಅಣ್ಣನಿಂದ ಸ್ನೇಹಿತರಿಗೆ, ಸ್ನೇಹಿತರಿಂದ ಬೀದಿಗೆ. ಜನರ ಕ್ಷೇಮವು ಹೇಗಿದೆಯೆಂದು ನೋಡಿಕೊಂಡು ಬಂದು ಹೇಳುವವನೊಬ್ಬನೂ ಅದರಲ್ಲಿಲ್ಲ. ಕಾವ್ಯದಲ್ಲಿಯೋ, ಓದುಬರಹವಿದ್ದಂತೆ ಕಾಣದ ಕಾಡಿನವನೊಬ್ಬನು ಹೊಲವನ್ನು ನೋಡಿಬಂದು ರಾಜನೊಬ್ಬನಿಗೆ, ನಿನ್ನ ಶತ್ರುವು ಚೆನ್ನಾಗಿ ಆಳುತ್ತಿದ್ದಾನೆ ಎಂದು ಹೇಳಬಲ್ಲನು. ಯುಧಿಷ್ಠಿರನು ಅದನ್ನು ಕೇಳಿ ಸಿಟ್ಟಾಗುವುದಿಲ್ಲ. ಅವನಿಗೆ ಸತ್ಕಾರ ಮಾಡಿ ಕಳುಹಿಸಿ, ಒಳಗೆ ಹೋಗಿ ತಮ್ಮಂದಿರ ಸಮ್ಮುಖದಲ್ಲಿ ದ್ರೌಪದಿಗೆ ತಿಳಿಸುತ್ತಾನೆ. ಅಲ್ಲಿ ಅವಳ ಸಿಟ್ಟಿನ ಮಾತು ಮೊದಲಾಗುತ್ತದೆ.

ಹೊರಡುವ ಮುನ್ನ ವನೇಚರನು ಇನ್ನೊಂದು ಸಂಗತಿಯನ್ನು ಹೇಳಿರುತ್ತಾನೆ. ಬಿಲ್ಲನ್ನೆತ್ತದೆ, ಮುಖವನ್ನು ಸಿಡುಕಿಸದೆ ಸಾಮಂತರಿಂದ ಆಜ್ಞೆಯನ್ನು ಹೂಮಾಲೆಯಂತೆ ಹೊರಿಸಿಕೊಳ್ಳುವ ಆ ದುರ್ಯೋಧನನ ಎದುರಿಗೆ, ಮಾತುಕತೆಯ ನಡುವೆ ಯಾರಾದರೂ ಯುಧಿಷ್ಠಿರನ ಹೆಸರನ್ನು ಎತ್ತಿದರೆ, ಅವನಿಗೆ ಅರ್ಜುನನ ಪರಾಕ್ರಮವು ನೆನಪಾಗುತ್ತದೆ. ಮಂತ್ರ ಕೇಳಿದ ಹಾವಿನ ಉಪಮೆಯನ್ನು ಕವಿಯು ಅಲ್ಲಿ ಕೊಟ್ಟಿದ್ದಾನೆ. ಸಭೆಯಲ್ಲಿರುವವರೆಲ್ಲರ ಮುಂದೆ ಅವನ ತಲೆಯು ತಗ್ಗುತ್ತದೆ.